ಸಹಿ ಬಿದ್ದ ಮಾತ್ರಕ್ಕೆ ಒಪ್ಪಿಗೆಯೇ? ಗರ್ಭಕೋಶದ ಶಸ್ತ್ರಚಿಕಿತ್ಸೆ ಎತ್ತುವ ಪ್ರಶ್ನೆಗಳು

(ವೈದ್ಯಕೀಯ ಮತ್ತು ಶುಶ್ರೂಷಾ ವಿದ್ಯಾರ್ಥಿಗಳು ಹಾಗೂ ಆಶಾ ಕಾರ್ಯಕರ್ತೆಯರು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಸಂತಾನೋತ್ಪತ್ತಿ ಆರೋಗ್ಯ ಮತ್ತು ವೈದ್ಯಕೀಯ ನೀತಿ ಎಂದ ಕೂಡಲೇ ಬಾಡಿಗೆ ತಾಯ್ತನ, ಪ್ರನಾಳ ಶಿಶು, ಭ್ರೂಣಲಿಂಗ ಪತ್ತೆ ಮುಂತಾದ ವಿಷಯಗಳು ನಿಮ್ಮ ಮನಸ್ಸಿಗೆ ಬರುವುದು ಸಹಜ. ಅವುಗಳಿಗೆ ಪ್ರತ್ಯೇಕ ಕಾನೂನುಗಳಿವೆ, ಪತ್ರಿಕೆಗಳಲ್ಲಿ ಚರ್ಚೆಯೂ ನಡೆಯುತ್ತಿರುತ್ತದೆ. ಇಂದು ನಾನು ಆರಿಸಿಕೊಂಡಿರುವುದು ಅಷ್ಟೇನೂ ಹೊಸತಲ್ಲದ, ತಾಲ್ಲೂಕು ಕೇಂದ್ರದ ಖಾಸಗಿ ನರ್ಸಿಂಗ್ ಹೋಮ್‌ಗಳಲ್ಲಿಯೂ ನಡೆಯುವ ಒಂದು ಶಸ್ತ್ರಚಿಕಿತ್ಸೆಯನ್ನು. ಅದು ಗರ್ಭಕೋಶವನ್ನು ತೆಗೆದುಹಾಕುವ ಶಸ್ತ್ರಚಿಕಿತ್ಸೆ. ಜನರ ಬಾಯಲ್ಲಿ ‘ಗರ್ಭಚೀಲ ತೆಗೆಸುವುದು’. ಇದು ಎಷ್ಟು ರೂಢಿಯಾಗಿಬಿಟ್ಟಿದೆಯೆಂದರೆ ಇದರಲ್ಲಿ ನೈತಿಕ ಪ್ರಶ್ನೆಯೊಂದು ಇರಬಹುದೆಂದು ಯಾರಿಗೂ ತೋಚುವುದಿಲ್ಲ. ನನ್ನ ವಾದ ಇಷ್ಟೇ: ಬೇರೆ ದಾರಿಗಳಿವೆಯೆಂದು ತಿಳಿಯದ, ತಿಳಿದರೂ ಆ ದಾರಿ ಹಿಡಿಯಲು ಅನುಕೂಲವಿಲ್ಲದ ಹೆಂಗಸು ಹಾಕುವ ಸಹಿಯನ್ನು ಒಪ್ಪಿಗೆಯೆಂದು ಕರೆಯುವಾಗ ವೈದ್ಯರು ಬಹಳ ಅಳುಕಬೇಕು.

ಈ ಶಸ್ತ್ರಚಿಕಿತ್ಸೆಯನ್ನು ಅನೇಕ ಸಂದರ್ಭಗಳಲ್ಲಿ ಮಾಡಲೇಬೇಕಾಗುತ್ತದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಗರ್ಭಕೋಶದ ಕ್ಯಾನ್ಸರ್, ಔಷಧಿಗೆ ಬಗ್ಗದ ಅತಿ ರಕ್ತಸ್ರಾವ, ದೊಡ್ಡ ಗಡ್ಡೆಗಳು, ಗರ್ಭಕೋಶ ಪೂರ್ತಿಯಾಗಿ ಕೆಳಗೆ ಜಾರಿರುವುದು, ಹೆರಿಗೆಯ ನಂತರ ಯಾವ ಉಪಾಯಕ್ಕೂ ನಿಲ್ಲದ ರಕ್ತ: ಇಂತಹ ಕಡೆ ಇದು ಜೀವ ಉಳಿಸುತ್ತದೆ ಅಥವಾ ಬದುಕನ್ನು ಸಹನೀಯಗೊಳಿಸುತ್ತದೆ. ಇವುಗಳ ಬಗ್ಗೆ ತಕರಾರಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದೊಳಗಿನ ಭಾರತೀಯ ಮಹಿಳೆಯರಲ್ಲಿ ನೂರಕ್ಕೆ ಸುಮಾರು ಮೂವರು ಗರ್ಭಕೋಶ ತೆಗೆಸಿಕೊಂಡಿದ್ದಾರೆ. ಮೇಲುನೋಟಕ್ಕೆ ಇದು ಚಿಕ್ಕ ಸಂಖ್ಯೆ. ಆದರೆ ನೆರೆಯ ಆಂಧ್ರ ಮತ್ತು ತೆಲಂಗಾಣಗಳಲ್ಲಿ ಅದು ನೂರಕ್ಕೆ ಎಂಟರ ಆಸುಪಾಸಿನಲ್ಲಿದೆ. ಇಂತಹ ಶಸ್ತ್ರಚಿಕಿತ್ಸೆಗಳಲ್ಲಿ ಮೂರರಲ್ಲಿ ಎರಡು ಭಾಗ ನಡೆಯುವುದು ಖಾಸಗಿ ಆಸ್ಪತ್ರೆಗಳಲ್ಲಿ. ತೆಗೆಸಿಕೊಂಡ ಈ ಮಹಿಳೆಯರಲ್ಲಿ ಅರ್ಧದಷ್ಟು ಜನರಿಗೆ ಆಗ ಮೂವತ್ತೈದು ವರ್ಷವೂ ತುಂಬಿರಲಿಲ್ಲ. ಮುಟ್ಟು ತಾನಾಗಿ ನಿಲ್ಲುವ ಕಾಲಕ್ಕೆ ಇನ್ನೂ ಹತ್ತು-ಹನ್ನೆರಡು ವರ್ಷ ಬಾಕಿ ಇರುವ ವಯಸ್ಸು ಅದು. ಗರ್ಭಕೋಶದ ಜೊತೆಗೆ ಅಂಡಾಶಯಗಳನ್ನೂ ತೆಗೆದರೆ ಹಾರ್ಮೋನು ಒಮ್ಮೆಲೇ ನಿಂತು ಮೈ ಬಿಸಿಯಾಗುವುದು, ನಿದ್ದೆ ಕೆಡುವುದು, ಮೂಳೆ ಸವೆಯುವುದು ಆರಂಭವಾಗುತ್ತವೆ, ಹೃದಯದ ಕಾಯಿಲೆಯ ಸಂಭವವೂ ಹೆಚ್ಚುತ್ತದೆ. ಅಂಡಾಶಯಗಳನ್ನು ಉಳಿಸಿದರೂ ಅವು ಕೆಲವು ವರ್ಷ ಮೊದಲೇ ಸುಸ್ತಾಗುವುದುಂಟು. ಹೊಲದಲ್ಲಿ ಬಗ್ಗಿ ದುಡಿಯುವವಳಿಗೆ ಮೂಳೆ ಸವೆಯುವುದೆಂದರೆ ಕೂಲಿ ತಪ್ಪುವುದು ಎಂದೇ ಅರ್ಥ.

ಒಪ್ಪಿಗೆಯ ವಿಷಯದಲ್ಲಿ ನಮ್ಮ ದೇಶದ ಕಾನೂನು ಏನು ಹೇಳುತ್ತದೆ ಎಂಬುದಕ್ಕೆ ಆಧಾರವಾಗಿರುವ ಮೊಕದ್ದಮೆಯೇ ಗರ್ಭಕೋಶಕ್ಕೆ ಸಂಬಂಧಿಸಿದ್ದು. 1995ರ ಮೇ ತಿಂಗಳಲ್ಲಿ ದೆಹಲಿಯಲ್ಲಿ 44 ವರ್ಷದ ಅವಿವಾಹಿತ ಮಹಿಳೆಯೊಬ್ಬರು ದೀರ್ಘಕಾಲದ ಮುಟ್ಟಿನ ಸ್ರಾವಕ್ಕಾಗಿ ಖಾಸಗಿ ವೈದ್ಯೆಯೊಬ್ಬರ ಬಳಿ ಹೋದರು. ಹೊಟ್ಟೆಯೊಳಗೆ ದುರ್ಬೀನು ಇಳಿಸಿ ನೋಡುವ ಲ್ಯಾಪರೋಸ್ಕೋಪಿ ಪರೀಕ್ಷೆಗೆ ಅವರನ್ನು ಸಿದ್ಧಪಡಿಸಿ ಅರಿವಳಿಕೆ ಕೊಡಲಾಯಿತು. ರೋಗಿಗೆ ಪ್ರಜ್ಞೆಯಿಲ್ಲದಿದ್ದ ಆ ಹೊತ್ತಿನಲ್ಲಿ ಸಹಾಯಕ ವೈದ್ಯರೊಬ್ಬರು ಹೊರಗೆ ಬಂದು, ಕಾಯುತ್ತಿದ್ದ ತಾಯಿಯಿಂದ ಗರ್ಭಕೋಶ ತೆಗೆಯಲು ಒಪ್ಪಿಗೆ ಪಡೆದರು. ಗರ್ಭಕೋಶ, ಅಂಡನಾಳಗಳು, ಅಂಡಾಶಯಗಳು ಎಲ್ಲವನ್ನೂ ತೆಗೆಯಲಾಯಿತು. ಎಚ್ಚರಗೊಂಡ ಮಹಿಳೆ ತಾನು ಪರೀಕ್ಷೆಗೆ ಮಾತ್ರ ಒಪ್ಪಿದ್ದೆನೆಂದು ಹೇಳಿ ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟರು. ಅಲ್ಲಿ ಸೋತು ಸುಪ್ರೀಂ ಕೋರ್ಟಿಗೆ ಹೋದರು. ಸಮೀರಾ ಕೊಹ್ಲಿ ಮೊಕದ್ದಮೆ ಎಂದು ಹೆಸರಾದ ಇದರ ತೀರ್ಪು ಬಂದದ್ದು 2008ರ ಜನವರಿಯಲ್ಲಿ.

ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಕೊಟ್ಟ ಒಪ್ಪಿಗೆಯಾಗುವುದಿಲ್ಲ ಎಂದು ನ್ಯಾಯಾಲಯ ಸ್ಪಷ್ಟವಾಗಿ ಹೇಳಿತು. ರೋಗಿ ಬುದ್ಧಿ ಸ್ಥಿಮಿತದಲ್ಲಿರುವ ವಯಸ್ಕಳಾಗಿದ್ದು, ತಾತ್ಕಾಲಿಕವಾಗಿ ಅರಿವಳಿಕೆಯಲ್ಲಿದ್ದಾಳೆ ಎಂಬ ಕಾರಣಕ್ಕೆ ಬೇರೊಬ್ಬರು, ಅದು ಹೆತ್ತ ತಾಯಿಯೇ ಆಗಿರಲಿ, ಅವಳ ಪರವಾಗಿ ಒಪ್ಪಿಗೆ ಕೊಡಲಾಗದು. ಪ್ರಾಣಕ್ಕೋ ಆರೋಗ್ಯಕ್ಕೋ ಅಪಾಯವಿದ್ದು ಅವಳು ಎಚ್ಚರಗೊಳ್ಳುವವರೆಗೆ ಕಾಯುವಂತಿಲ್ಲದ ಸಂದರ್ಭ ಮಾತ್ರ ಇದಕ್ಕೆ ಅಪವಾದ. ವೈದ್ಯೆಯ ಶುಲ್ಕ ಕೈತಪ್ಪಿತು, ಜೊತೆಗೆ 25,000 ರೂಪಾಯಿ ಪರಿಹಾರ ಕೊಡಬೇಕಾಯಿತು. ಮೊತ್ತ ಎಷ್ಟು ಸಣ್ಣದೆಂದು ನಿಮಗೆ ಅನ್ನಿಸಿದರೆ ನನಗೂ ಹಾಗೆಯೇ ಅನ್ನಿಸಿದೆ.

ಈ ತೀರ್ಪಿನ ಇನ್ನೊಂದು ಭಾಗವನ್ನು ನಮ್ಮ ತರಗತಿಗಳಲ್ಲಿ ಅಷ್ಟಾಗಿ ಓದಿಸುವುದಿಲ್ಲ. ವೈದ್ಯರು ರೋಗಿಗೆ ಎಷ್ಟು ಹೇಳಬೇಕು ಎಂಬ ಪ್ರಶ್ನೆ ಬಂದಾಗ ನ್ಯಾಯಾಲಯದ ಮುಂದೆ ಎರಡು ಮಾದರಿಗಳಿದ್ದವು. ವಿವೇಕವುಳ್ಳ ರೋಗಿಯೊಬ್ಬಳು ತಿಳಿಯಬಯಸುವಷ್ಟನ್ನು ಹೇಳಬೇಕು ಎಂಬುದು ಅಮೆರಿಕದಲ್ಲಿ ಬೆಳೆದ ಮಾದರಿ. ಆ ಕ್ಷೇತ್ರದ ವೈದ್ಯರು ವಾಡಿಕೆಯಲ್ಲಿ ಹೇಳುವಷ್ಟನ್ನು ಹೇಳಿದರೆ ಸಾಕು ಎಂಬುದು ಆಗಿನ ಇಂಗ್ಲೆಂಡಿನ ಮಾದರಿ. ಭಾರತದ ರೋಗಿಗಳಲ್ಲಿ ಬಹುಪಾಲು ಜನ ಬಡವರು, ವೈದ್ಯರ ಮಾತನ್ನೇ ನಂಬಿ ನಡೆಯುವವರು ಎಂಬ ವಾಸ್ತವವನ್ನು ಮುಂದಿಟ್ಟುಕೊಂಡು ಸುಪ್ರೀಂ ಕೋರ್ಟ್ ಎರಡನೆಯದರ ಕಡೆಗೆ ವಾಲಿತು. ನನಗೆ ಇದು ತಲೆಕೆಳಗಾದ ತರ್ಕವಾಗಿ ಕಾಣುತ್ತದೆ. ಪ್ರಶ್ನೆ ಕೇಳುವ ಅಭ್ಯಾಸವೇ ಇಲ್ಲದವಳಿಗೆ ಕೇಳದಿದ್ದರೂ ಹೆಚ್ಚು ಹೇಳಬೇಕಲ್ಲವೆ? ಏಳು ವರ್ಷಗಳ ನಂತರ, 2015ರ ಮಾರ್ಚಿನಲ್ಲಿ, ಬ್ರಿಟನ್ನಿನ ಸುಪ್ರೀಂ ಕೋರ್ಟೇ ತನ್ನ ಹಳೆಯ ಮಾದರಿಯನ್ನು ಕೈಬಿಟ್ಟಿತು. ಅದೂ ಒಂದು ಹೆರಿಗೆಯ ಮೊಕದ್ದಮೆಯೇ. ಸಕ್ಕರೆ ಕಾಯಿಲೆಯಿದ್ದ, ಗಿಡ್ಡ ಮೈಕಟ್ಟಿನ ಗರ್ಭಿಣಿ ನೇಡಿನ್ ಮಾಂಟ್ಗೊಮರಿ ಅವರಿಗೆ, ಹೆರಿಗೆಯ ವೇಳೆ ಮಗುವಿನ ಭುಜ ಸಿಕ್ಕಿಕೊಳ್ಳುವ ಸಂಭವ ನೂರಕ್ಕೆ ಒಂಬತ್ತು-ಹತ್ತರಷ್ಟಿದೆ ಎಂಬುದನ್ನು ವೈದ್ಯೆ ಹೇಳಿರಲಿಲ್ಲ. ಹೇಳಿದರೆ ಆಕೆ ಸಿಸೇರಿಯನ್ ಕೇಳುತ್ತಾರೆ ಎಂಬುದೇ ಹೇಳದಿರಲು ಕಾರಣವಾಗಿತ್ತು. ಭುಜ ಸಿಕ್ಕಿಕೊಂಡಿತು, ಮಗುವಿನ ಮಿದುಳಿಗೆ ಶಾಶ್ವತ ಹಾನಿಯಾಯಿತು. ರೋಗಿಗೆ ಮುಖ್ಯವೆನಿಸುವ ಅಪಾಯವನ್ನೂ ಇರುವ ಬದಲಿ ದಾರಿಗಳನ್ನೂ ಹೇಳುವುದು ವೈದ್ಯರ ಕರ್ತವ್ಯ ಎಂದು ಆ ನ್ಯಾಯಾಲಯ ತೀರ್ಮಾನಿಸಿತು.

ಇನ್ನು ಸಹಿ ಯಾರದು ಎಂಬ ವಿಚಾರ. ಇದನ್ನು ಬೇಗ ಮುಗಿಸಬಹುದು, ಏಕೆಂದರೆ ಕಾನೂನಿನಲ್ಲಿ ಗೊಂದಲವಿಲ್ಲ. 1971ರ ಗರ್ಭಪಾತ ಕಾಯ್ದೆಯ ಪ್ರಕಾರ 18 ತುಂಬಿದ, ಬುದ್ಧಿ ಸ್ಥಿಮಿತದಲ್ಲಿರುವ ಮಹಿಳೆಗೆ ತನ್ನ ಒಪ್ಪಿಗೆಯೊಂದೇ ಸಾಕು. ಸಂತಾನಹರಣ ಶಸ್ತ್ರಚಿಕಿತ್ಸೆಗೆ ಸಂಗಾತಿಯ ಸಹಿ ಬೇಕಿಲ್ಲವೆಂದು ಕೇಂದ್ರ ಸರ್ಕಾರದ ಮಾರ್ಗಸೂಚಿಯೇ ಹೇಳುತ್ತದೆ. ಹೀಗಿದ್ದರೂ ನಮ್ಮ ಆಸ್ಪತ್ರೆಗಳಲ್ಲಿ ‘ಯಜಮಾನರು ಬಂದಿದ್ದಾರಾ?’ ಎಂಬ ಪ್ರಶ್ನೆ ಮೊದಲು ಬರುತ್ತದೆ. ಒಪ್ಪಿಗೆ ಪತ್ರದ ಒಂದು ಪ್ರತಿಯನ್ನು ಹತ್ತಿರದಿಂದ ನೋಡಿ. ಮೇಲೆ ಆಸ್ಪತ್ರೆಯ ಹೆಸರು, ಕೆಳಗೆ ಸಣ್ಣ ಅಕ್ಷರದ, ಬಹಳ ಸಲ ಇಂಗ್ಲಿಷಿನಲ್ಲಿಯೇ ಇರುವ ಎರಡು ಪ್ಯಾರಾ, ‘ಆಗಬಹುದಾದ ಎಲ್ಲ ಅಪಾಯಗಳನ್ನು ನನಗೆ ವಿವರಿಸಲಾಗಿದೆ’ ಎಂಬ ಅಚ್ಚಾದ ಸಾಲು, ಆ ಅಪಾಯಗಳು ಯಾವುವು ಎಂದು ಬರೆಯಲು ಜಾಗವೇ ಇಲ್ಲ. ಕೊನೆಯಲ್ಲಿ ಗಂಡನ ಸಹಿ ನೀಲಿ ಶಾಯಿಯಲ್ಲಿ, ಅದರ ಪಕ್ಕದಲ್ಲಿ ಹೆಂಡತಿಯ ಎಡ ಹೆಬ್ಬೆಟ್ಟು. ಕೆಲವು ಪತ್ರಗಳಲ್ಲಿ ಹೆಬ್ಬೆಟ್ಟೂ ಇರುವುದಿಲ್ಲ. ದಿನಾಂಕದ ಜಾಗದಲ್ಲಿರುವುದು ದಾಖಲಾದ ದಿನವೇ. ಅಂದರೆ ಯೋಚಿಸಲು ಒಂದು ರಾತ್ರಿಯೂ ಸಿಕ್ಕಿಲ್ಲ.

ಇಷ್ಟನ್ನು ಸರಿಪಡಿಸುವುದು ಕಷ್ಟವೇನಲ್ಲ. ಕಷ್ಟದ ಪ್ರಶ್ನೆ ಬೇರೆಯದು. ಅನೇಕ ಸಲ ಗರ್ಭಕೋಶ ತೆಗೆಯಿರಿ ಎಂದು ಕೇಳುವವಳು ರೋಗಿಯೇ. ಕಲ್ಯಾಣ ಕರ್ನಾಟಕದ (ಹಿಂದಿನ ಹೈದರಾಬಾದ್ ಕರ್ನಾಟಕ) ಹಳ್ಳಿಗಳಿಂದ ಬರುವ ಮೂವತ್ತರ ಆಸುಪಾಸಿನ ಹೆಂಗಸರು ಹೊರರೋಗಿ ವಿಭಾಗದಲ್ಲಿ ಹೇಳುವ ಮಾತು ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತದೆ: “ಬಿಳಿ ಹೋಗ್ತದರೀ, ನಡಾ ಹಿಡೀತದ, ಕೂಲಿಗೆ ಹೋಗಾಕ ಆಗವಲ್ದು. ಮಕ್ಕಳಾಗ್ಯಾವ, ಆಪರೇಷನ್ನೂ ಆಗೇದ. ಇನ್ನ ಈ ಚೀಲ ಇಟ್ಕೊಂಡು ಏನ್ ಮಾಡಲಿ? ತೆಗೆದೇ ಬಿಡ್ರಿ ಮೇಡಂ.” ಕೇಳಿದವಳೇ ಅವಳಾದ ಮೇಲೆ ವೈದ್ಯರು ಮಾಡಿಕೊಟ್ಟದ್ದರಲ್ಲಿ ತಪ್ಪೇನಿದೆ ಎಂಬ ಸಮರ್ಥನೆಯನ್ನು ನಾನು ಎಷ್ಟೋ ಸಭೆಗಳಲ್ಲಿ ಕೇಳಿದ್ದೇನೆ. ಈ ಸಮರ್ಥನೆಗೆ ಉತ್ತರ ಕೊಡಬೇಕಾದರೆ ಆ ಬೇಡಿಕೆ ಎಲ್ಲಿ ಹುಟ್ಟುತ್ತದೆ ಎಂದು ನೋಡಬೇಕು.

ಅದರ ಒಂದು ಬೇರು ಕುಟುಂಬ ಯೋಜನೆಯ ಚರಿತ್ರೆಯಲ್ಲಿದೆ. 1930ರಷ್ಟು ಹಿಂದೆಯೇ ಮೈಸೂರು ಸಂಸ್ಥಾನದ ಸರ್ಕಾರ ತನ್ನ ಆಸ್ಪತ್ರೆಗಳಲ್ಲಿ ಗರ್ಭನಿರೋಧದ ಸಲಹಾ ಕೇಂದ್ರ ತೆರೆದಿತ್ತು ಎಂಬುದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಸಲಹೆಯಿಂದ ಹೊರಟ ಆ ದಾರಿ ಸ್ವಾತಂತ್ರ್ಯಾನಂತರ ಗುರಿ-ಅಂಕಿಗಳ ಕಡೆಗೆ ತಿರುಗಿತು. ತುರ್ತು ಪರಿಸ್ಥಿತಿಯ 1976–77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು, ಅವುಗಳಲ್ಲಿ ಹೆಚ್ಚಿನವು ಗಂಡಸರ ಮೇಲೆ. ಆ ಬಲವಂತಕ್ಕೆ ಜನ ಚುನಾವಣೆಯಲ್ಲಿ ಉತ್ತರ ಕೊಟ್ಟರು. ಅಂದಿನಿಂದ ಯಾವ ಸರ್ಕಾರವೂ ಗಂಡಸರ ತಂಟೆಗೆ ಹೋಗಲಿಲ್ಲ, ಇಡೀ ಭಾರ ಹೆಂಗಸರ ಮೇಲೆ ಬಿತ್ತು. ಅದೇ 2019–21ರ ಸಮೀಕ್ಷೆಯಲ್ಲಿ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ನೂರಕ್ಕೆ 57 ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಗಂಡಸರ ಸಾಲಿನಲ್ಲಿರುವ ಅಂಕಿ ಸೊನ್ನೆ. ಹದಿನೆಂಟಕ್ಕೆ ಮದುವೆ, ಇಪ್ಪತ್ತೈದರ ಹೊತ್ತಿಗೆ ಎರಡು ಮಕ್ಕಳು ಮತ್ತು ಆಪರೇಷನ್ ಎಂಬುದು ಹಳ್ಳಿಗಳಲ್ಲಿ ಸಾಮಾನ್ಯ ಕ್ರಮವಾಯಿತು. ಇಪ್ಪತ್ತೈದಕ್ಕೇ ತಾಯ್ತನ ಮುಗಿಸಿದವಳಿಗೆ, ಆರೋಗ್ಯ ಇಲಾಖೆಯಿಂದ ಹಿಡಿದು ಅತ್ತೆಯವರೆಗೆ ಎಲ್ಲರೂ ಅವಳ ಗರ್ಭಕೋಶದ ಕೆಲಸ ಮುಗಿಯಿತೆಂದು ತಿಳಿಸಿರುತ್ತಾರೆ. ಮುಗಿದ ಕೆಲಸದ ಅಂಗ ತೊಂದರೆ ಕೊಟ್ಟರೆ ತೆಗೆದುಬಿಡುವುದು ಅವಳಿಗೆ ಸರಳ ವಿವೇಕವಾಗಿ ಕಾಣುತ್ತದೆ.

ಎರಡನೆಯ ಬೇರು ಹಣ ಮತ್ತು ಕೂಲಿ. 2008ರಲ್ಲಿ ಬಂದ ರಾಷ್ಟ್ರೀಯ ಸ್ವಾಸ್ಥ್ಯ ವಿಮಾ ಯೋಜನೆ ಬಡ ಕುಟುಂಬಕ್ಕೆ ವರ್ಷಕ್ಕೆ 30,000 ರೂಪಾಯಿಯವರೆಗೆ ಆಸ್ಪತ್ರೆ ವೆಚ್ಚ ಭರಿಸುತ್ತಿತ್ತು. ಉದ್ದೇಶ ಒಳ್ಳೆಯದೇ. ಆದರೆ ಆಸ್ಪತ್ರೆಗೆ ದಾಖಲಾದರೆ ಮಾತ್ರ ಹಣ. ಔಷಧಿ ಬರೆದು, ತಿಂಗಳು ಬಿಟ್ಟು ಮತ್ತೆ ನೋಡುವ ವೈದ್ಯರಿಗೆ ಅದರಲ್ಲಿ ಏನೂ ಇರಲಿಲ್ಲ. ಬಿಹಾರ, ಛತ್ತೀಸಗಢ, ರಾಜಸ್ಥಾನಗಳಲ್ಲಿ ಅನಗತ್ಯವಾಗಿ ಗರ್ಭಕೋಶ ತೆಗೆದ ಪ್ರಕರಣಗಳು ಬೆಳಕಿಗೆ ಬಂದು 2013ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದವು. ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರದು ಇನ್ನೊಂದು ಬಗೆ. ಅಕ್ಟೋಬರಿನಿಂದ ಮಾರ್ಚಿನವರೆಗೆ ಗಂಡ-ಹೆಂಡತಿ ಜೋಡಿಯಾಗಿ ಮುಂಗಡ ಪಡೆದು ಪಶ್ಚಿಮ ಮಹಾರಾಷ್ಟ್ರಕ್ಕೂ ನಮ್ಮ ಬೆಳಗಾವಿ, ಬಾಗಲಕೋಟೆಗಳ ಕಡೆಗೂ ಬರುವ ಗ್ಯಾಂಗುಗಳನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಒಂದು ದಿನ ತಪ್ಪಿದರೆ ಮುಕಾದಮನಿಗೆ, ಅಂದರೆ ಕೂಲಿ ಗುತ್ತಿಗೆದಾರನಿಗೆ, ದಂಡ ಕಟ್ಟಬೇಕು. ಗುಡಿಸಲಿನ ಹತ್ತಿರ ಶೌಚಾಲಯವಿಲ್ಲ, ಮುಟ್ಟಿನ ಬಟ್ಟೆ ಒಗೆಯಲು ನೀರಿಲ್ಲ. 2019ರಲ್ಲಿ ರಾಜ್ಯ ಸರ್ಕಾರ ನೇಮಿಸಿದ ಸಮಿತಿ ಆ ಜಿಲ್ಲೆಯಲ್ಲಿ ಸಮೀಕ್ಷೆ ಮಾಡಿಸಿದಾಗ 82,309 ಮಹಿಳೆಯರಲ್ಲಿ 13,861 ಮಂದಿ ಗರ್ಭಕೋಶ ತೆಗೆಸಿಕೊಂಡಿದ್ದರು. ಇವರಲ್ಲಿ ಬಹಳಷ್ಟು ಜನ ತಾವಾಗಿಯೇ ಆಸ್ಪತ್ರೆಗೆ ಹೋದವರು. ಮುಟ್ಟಿನ ದಿನ ರಜೆ ಸಿಗುವಂತಿದ್ದರೆ, ಪಕ್ಕದಲ್ಲಿ ಒಂದು ನಲ್ಲಿ ಇದ್ದಿದ್ದರೆ ಅವರು ಹೋಗುತ್ತಿದ್ದರೇ ಎಂದು ಕೇಳಿಕೊಳ್ಳಿ.

ಮೂರನೆಯದು ಹೆದರಿಕೆ, ಇದನ್ನು ಹುಟ್ಟಿಸುವವರು ನಮ್ಮವರೇ. 2015ರಲ್ಲಿ ಕಲಬುರಗಿ ಜಿಲ್ಲೆಯ ಲಂಬಾಣಿ ತಾಂಡಾಗಳಲ್ಲಿ ಮತ್ತು ದಲಿತ ಕುಟುಂಬಗಳಲ್ಲಿ ಚಿಕ್ಕ ವಯಸ್ಸಿನ ಅನೇಕ ಹೆಂಗಸರಿಗೆ ಗರ್ಭಕೋಶವಿಲ್ಲ ಎಂಬುದನ್ನು ಮಹಿಳಾ ಮತ್ತು ಆರೋಗ್ಯ ಸಂಘಟನೆಗಳು ಬಯಲಿಗೆ ತಂದವು, ಇಲಾಖೆಯ ವಿಚಾರಣೆಯೂ ನಡೆಯಿತು. ಆ ಹೆಂಗಸರು ಹೋದದ್ದು ಹೊಟ್ಟೆನೋವು, ಬಿಳಿ ಸೆರಗು, ಹೆಚ್ಚು ಸ್ರಾವ ಎಂದು. ಕೇಳಿಸಿಕೊಂಡದ್ದು ‘ತೆಗೆಸದಿದ್ದರೆ ಕ್ಯಾನ್ಸರ್ ಆಗುತ್ತದೆ’ ಎಂದು. ಸ್ಕ್ಯಾನಿಂಗ್ ಪರದೆಯ ಮೇಲೆ ಒಂದು ಕಪ್ಪು ಚುಕ್ಕೆ ತೋರಿಸಿ ಈ ಮಾತನ್ನಾಡಿದರೆ, ಎಮ್ಮೆ ಮಾರಿಯಾದರೂ ಹಣ ಹೊಂದಿಸಿ ಅವಳು ಮರುದಿನವೇ ಬರುತ್ತಾಳೆ. ಸಹಿಯನ್ನೂ ಹಾಕುತ್ತಾಳೆ. ಬಿಳಿ ಸೆರಗಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ‘ಹಸಿರು ಕಿಟ್’ ಎಂಬ ಮಾತ್ರೆಯ ಪೊಟ್ಟಣ ಉಚಿತವಾಗಿ ಸಿಗುತ್ತದೆ. ಅದರೊಳಗಿರುವುದು ಸೆಕ್ನಿಡಜೋಲ್ ಮತ್ತು ಫ್ಲುಕೊನಜೋಲ್. ಗರ್ಭಕಂಠದ ಕ್ಯಾನ್ಸರಿನ ಸುಳಿವು ಹಿಡಿಯಲು ಅಸಿಟಿಕ್ ಆಮ್ಲ ಸವರಿ ಕಣ್ಣಿನಿಂದಲೇ ನೋಡುವ ಪರೀಕ್ಷೆಯಿದೆ, ಮೂವತ್ತು ದಾಟಿದ ಎಲ್ಲರಿಗೂ ಅದನ್ನು ಮಾಡಬೇಕೆಂಬ ರಾಷ್ಟ್ರೀಯ ಕಾರ್ಯಕ್ರಮವೂ ಇದೆ. ಪರೀಕ್ಷೆ ಮಾಡದೆ ಕ್ಯಾನ್ಸರಿನ ಹೆಸರು ಹೇಳುವುದು ಸುಳ್ಳು ಹೇಳುವುದಕ್ಕೆ ಸಮ. ಆ ಸುಳ್ಳಿನ ಮೇಲೆ ಬಿದ್ದ ಸಹಿಗೆ ಕಾನೂನಿನಲ್ಲಿಯೂ ಬೆಲೆಯಿರಬಾರದು.

ಹಾಗಾದರೆ ಏನು ಮಾಡಬೇಕು? 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ 2013ರ ಆ ಹಳೆಯ ಅರ್ಜಿಯನ್ನು ಇತ್ಯರ್ಥಗೊಳಿಸುತ್ತ, ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆಗಳನ್ನು ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಅಳವಡಿಸಿಕೊಳ್ಳಬೇಕೆಂದು ಹೇಳಿತು. ರಾಷ್ಟ್ರ, ರಾಜ್ಯ ಮತ್ತು ಜಿಲ್ಲಾ ಮಟ್ಟದಲ್ಲಿ ನಿಗಾ ಸಮಿತಿಗಳು ಇರಬೇಕು, ಸರ್ಕಾರಿ-ಖಾಸಗಿ ಎನ್ನದೆ ಎಲ್ಲ ಆಸ್ಪತ್ರೆಗಳೂ ಲೆಕ್ಕ ಕೊಡಬೇಕು. ಕರ್ನಾಟಕದಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾದಾಗ ವೈದ್ಯರು ಮುಷ್ಕರ ಹೂಡಿದ್ದು ನಿಮಗೆ ನೆನಪಿರಬಹುದು. ಆ ತಿದ್ದುಪಡಿಯಲ್ಲಿ ರೋಗಿಯ ಹಕ್ಕುಗಳ ಸನ್ನದೂ, ದೂರು ಕೊಡಲು ಜಿಲ್ಲಾ ಮಟ್ಟದ ಪ್ರಾಧಿಕಾರವೂ ಇವೆ. ಕಾಗದದ ಮೇಲೆ ನಮಗೆ ಕೊರತೆಯಿಲ್ಲ. ಆದರೆ ತಾಂಡಾದ ಹೆಂಗಸಿಗೆ ಈ ಪ್ರಾಧಿಕಾರದ ವಿಷಯ ಹೇಳಬಲ್ಲವರು ಯಾರಾದರೂ ಇದ್ದರೆ ಅದು ಈ ಸಭೆಯ ಹಿಂದಿನ ಸಾಲಿನಲ್ಲಿ ಕುಳಿತಿರುವ ಆಶಾ ಕಾರ್ಯಕರ್ತೆಯರು. ಆಸ್ಪತ್ರೆಗೆ ಹೊರಡುವ ಮೊದಲು ಅವಳು ಮಾತನಾಡುವುದು ನಿಮ್ಮ ಬಳಿಯೇ.

ವೈದ್ಯ ವಿದ್ಯಾರ್ಥಿಗಳಿಗೆ ನನ್ನ ಸಲಹೆ ಬಹಳ ಲೌಕಿಕವಾದದ್ದು. ಅತಿ ಸ್ರಾವದ ರೋಗಿಗೆ ಮೊದಲು ರಕ್ತದಲ್ಲಿನ ಹಿಮೋಗ್ಲೋಬಿನ್ ಪ್ರಮಾಣ ನೋಡಿ, ಕಬ್ಬಿಣಾಂಶ ಕೊಡಿ, ಟ್ರಾನೆಕ್ಸಾಮಿಕ್ ಆಮ್ಲದ ಮಾತ್ರೆ ಕೊಟ್ಟು ನೋಡಿ, ಅಗತ್ಯವಿದ್ದರೆ ಗರ್ಭಕೋಶದ ಒಳಪದರದ ಚೂರನ್ನು ಪರೀಕ್ಷೆಗೆ ಕಳುಹಿಸಿ. ಗರ್ಭಕೋಶದೊಳಗೆ ಇಡುವ, ಹಾರ್ಮೋನು ಇರುವ ವಂಕಿ ಎಷ್ಟೋ ಹೆಂಗಸರಿಗೆ ವರ್ಷಗಟ್ಟಲೆ ಆರಾಮ ಕೊಡುತ್ತದೆ; ಅದಕ್ಕೆ ಕೆಲವು ಸಾವಿರ ರೂಪಾಯಿ ಆಗುತ್ತದೆ ಎಂಬುದು ನಿಜ, ಆದರೆ ಶಸ್ತ್ರಚಿಕಿತ್ಸೆಗೆ ಅದಕ್ಕಿಂತ ಬಹಳ ಹೆಚ್ಚಾಗುತ್ತದೆ ಎಂಬುದನ್ನೂ ಹೇಳಿ. ಮಾತು ಗಂಡನಿಲ್ಲದ ಕೋಣೆಯಲ್ಲಿ ನಡೆಯಲಿ, ಅವಳ ಭಾಷೆಯಲ್ಲಿ ನಡೆಯಲಿ. ಲಂಬಾಣಿ ಭಾಷೆ ಬಲ್ಲ ದಾದಿಯೊಬ್ಬಳು ಪಕ್ಕದಲ್ಲಿದ್ದರೆ ಅರ್ಧ ಕೆಲಸ ಆದಂತೆ. ಹೇಳಿ ಮುಗಿದ ಮೇಲೆ ‘ಅರ್ಥವಾಯಿತೇ?’ ಎಂದು ಕೇಳಬೇಡಿ, ಎಲ್ಲರೂ ಹೂಂ ಎನ್ನುತ್ತಾರೆ. ‘ಮನೆಗೆ ಹೋಗಿ ನಿಮ್ಮ ಅಕ್ಕನಿಗೆ ಏನು ಹೇಳುತ್ತೀರಿ, ನನಗೆ ಹೇಳಿ ತೋರಿಸಿ’ ಎಂದು ಕೇಳಿ. ಅಂಡಾಶಯ ತೆಗೆಯುತ್ತೀರೋ ಉಳಿಸುತ್ತೀರೋ ಎಂಬುದು ಒಪ್ಪಿಗೆ ಪತ್ರದಲ್ಲಿ ಬೇರೆಯೇ ಸಾಲಾಗಿ ಇರಲಿ.

ಉಪನ್ಯಾಸದ ನಂತರ ಕಿರಿಯ ವೈದ್ಯೆಯೊಬ್ಬರು ಒಂದು ಪ್ರಶ್ನೆ ಕೇಳಿದರು: ಎಲ್ಲವನ್ನೂ ವಿವರಿಸಿದ ಮೇಲೂ ರೋಗಿ ‘ನನಗೆ ಬೇಡ, ತೆಗೆದುಬಿಡಿ’ ಎಂದರೆ ಅವಳ ಸ್ವಾತಂತ್ರ್ಯವನ್ನು ಗೌರವಿಸುವುದು ಹೇಗೆ? ಅವರಿಗೆ ಕೊಟ್ಟ ಉತ್ತರವನ್ನು ಇಲ್ಲಿಯೂ ಬರೆಯುತ್ತೇನೆ. ಚಿಕಿತ್ಸೆ ಬೇಡವೆನ್ನುವ ಹಕ್ಕು ರೋಗಿಗೆ ಪೂರ್ತಿಯಾಗಿದೆ; ವೈದ್ಯಕೀಯ ಕಾರಣವಿಲ್ಲದ ಶಸ್ತ್ರಚಿಕಿತ್ಸೆಯನ್ನು ಮಾಡಲೇಬೇಕೆಂದು ವೈದ್ಯರನ್ನು ಕಟ್ಟಿಹಾಕುವ ಹಕ್ಕು ಅದರಲ್ಲಿ ಸೇರಿಲ್ಲ. ಕಾರಣವಿದ್ದು, ಬೇರೆ ದಾರಿಗಳೂ ಇದ್ದು, ಅವಳು ತಿಳಿದೇ ಶಸ್ತ್ರಚಿಕಿತ್ಸೆಯನ್ನು ಆರಿಸಿಕೊಂಡರೆ ಅದು ಅವಳ ತೀರ್ಮಾನ, ಮಾಡಿಕೊಡಿ, ಅವಳು ಹೇಳಿದ ಕಾರಣವನ್ನು ಅವಳ ಮಾತಿನಲ್ಲಿಯೇ ಕೇಸ್ ಶೀಟಿನಲ್ಲಿ ಬರೆದಿಡಿ. ಕಾರಣ ಕಾಣದಿದ್ದರೆ ಔಷಧಿ ಕೊಟ್ಟು ಮೂರು ತಿಂಗಳ ನಂತರದ ತಾರೀಖು ಕೊಡಿ, ಆ ದಿನ ನೀವು ಕುರ್ಚಿಯಲ್ಲಿ ಇರಿ. ಅವಳು ಪಕ್ಕದ ಬೀದಿಯ ಆಸ್ಪತ್ರೆಗೆ ಹೋಗಬಹುದಲ್ಲ ಎಂದು ಅವರು ಮತ್ತೆ ಕೇಳಿದರು. ಹೋಗಬಹುದು. ಅದಕ್ಕಾಗಿಯೇ ಜಿಲ್ಲಾ ಸಮಿತಿ ಪ್ರತಿ ತಿಂಗಳು ಎಲ್ಲ ಆಸ್ಪತ್ರೆಗಳಿಂದ ರೋಗಿಯ ವಯಸ್ಸು, ಶಸ್ತ್ರಚಿಕಿತ್ಸೆಯ ಕಾರಣ ಮತ್ತು ತೆಗೆದ ಗರ್ಭಕೋಶದ ಪ್ರಯೋಗಾಲಯ ವರದಿ ಈ ಮೂರನ್ನೂ ತರಿಸಿಕೊಂಡು ಒಟ್ಟಿಗೆ ಇಟ್ಟು ಓದಬೇಕು ಎನ್ನುತ್ತಿದ್ದೇನೆ.